ರಾಹುಕಾಲಕ್ಕೆ ಮುಂಚೆ ಇಳಿಯಬೇಕಾಗಿದ್ದ ವಿಮಾನ

ಶ್ರೀನಿವಾಸಪುರದ ಹತ್ತಿರ ನನ್ನ ತವರೂರು. ಅಲ್ಲಿಯ ನಮ್ಮ ಮನೆಯಲ್ಲಿ ಇವತ್ತಿಗೂ ಹುರುಳಿ ಬಡಿಯಲು ಒಂದು ವಿಚಿತ್ರವಾದ ಮರದ ತುಂಡನ್ನು ಬಳಸುತ್ತಾರೆ. ಒಂದು ತುದಿ ದಪ್ಪ, ಇನ್ನೊಂದು ತುದಿ ತೆಳು, ನಡುವೆ ಸ್ವಲ್ಪ ತಿರುಚಿಕೊಂಡಿದೆ. ಬಡಗಿ ಹೆಂಡ ಕುಡಿದು ಕೆತ್ತಿರಬೇಕು ಎಂದು ನೋಡಿದವರು ಅಂದುಕೊಳ್ಳುತ್ತಾರೆ. ಮೊನ್ನೆ ಹೋಗಿದ್ದಾಗ ಆ ಮನೆಯ ಹೊಸ ಸೊಸೆ ಕೇಳಿದಳು: "ಅಜ್ಜಿ, ಇದ್ಯಾವ ಮರ? ಎಷ್ಟು ಬಡಿದ್ರೂ ಸವೆಯಲ್ವಲ್ಲ?"

"ಅದು ವಿಮಾನದ ಮೂಗಿನ ಮುಂದೆ ತಿರುಗೋ ಫ್ಯಾನು ಕಣೇ. ಅರ್ಧ ಮುರಿದದ್ದು," ಎಂದೆ.

ಆ ಹುಡುಗಿ ನನ್ನನ್ನು ಒಂದು ಗಳಿಗೆ ನೋಡಿ, "ಹೌದಾ ಅಜ್ಜಿ" ಎಂದು ಬಹಳ ಮೃದುವಾಗಿ ಹೇಳಿ ಒಳಗೆ ಹೋದಳು. ಅಂದಿನಿಂದ ಎರಡು ದಿನ ನನ್ನನ್ನು ಬಾವಿಯ ಹತ್ತಿರ ಒಬ್ಬಳನ್ನೇ ಬಿಡಲಿಲ್ಲ. ನೀವೂ ಹಾಗೆ ನೋಡಬೇಡಿ. ಬುದ್ಧಿ ನೆಟ್ಟಗಿದೆ. ಆ ಫ್ಯಾನು ಮುರಿದದ್ದನ್ನು ನಾನು ಕೆರೆ ಏರಿಯ ಮೇಲೆ ನಿಂತು ಕಣ್ಣಾರೆ ಕಂಡವಳು. ಅಷ್ಟೇ ಅಲ್ಲ, ಅದು ಮುರಿದದ್ದೇ ನನ್ನಿಂದ ಎಂದು ನಾಲ್ಕು ದಿನ ನಾಲ್ಕು ತಾಲ್ಲೂಕು ನಂಬಿತ್ತು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಗಾದೆಯನ್ನು ನಮ್ಮ ಕಡೆ ದಿನಕ್ಕೆ ಹತ್ತು ಸಲ ಹೇಳುತ್ತಾರೆ, ಆದರೆ ಅದು ನಿಜವಾಗಿ ನಡೆದದ್ದನ್ನು ನೋಡಿದವರು ಕಡಿಮೆ. ನಾನು ನೋಡಿದ್ದೇನೆ. ವ್ಯತ್ಯಾಸ ಇಷ್ಟೇ, ಹಾಗೆಂದವಳು ಹೆಂಗಸಲ್ಲ, ಪಂಚಾಂಗ ಕಂಕುಳಲ್ಲಿಟ್ಟುಕೊಂಡ ಗಂಡಸು. ಡೊಂಕು ಹುಡುಕುತ್ತಾ ಹುಡುಕುತ್ತಾ ಆತ ಕೆರೆಯ ನೆಲದಿಂದ ನನ್ನ ಕಾಲಿನವರೆಗೆ ಬಂದುಬಿಟ್ಟ.

ಮೊದಲು ರಾಹುಕಾಲದ ವಿಷಯ ಹೇಳಬೇಕು. ನಮ್ಮ ಮನೆಗೆ ಗಡಿಯಾರ ಬರುವುದಕ್ಕೆ ಬಹಳ ಮೊದಲೇ ರಾಹುಕಾಲ ಬಂದು ನೆಲೆಸಿತ್ತು. ತಾಯಿಯನ್ನು ಕಳೆದುಕೊಂಡ ನನ್ನನ್ನು ಸಾಕಿದವಳು ತಾಯಿಯ ತಾಯಿ, ನಮ್ಮಜ್ಜಿ. ಅಂಗಳದ ತುಳಸಿ ಕಟ್ಟೆಯ ನೆರಳು ನೋಡಿ ಅವಳು ರಾಹುಕಾಲ ಹುಟ್ಟುವ ಸಾಯುವ ಹೊತ್ತನ್ನು ಹೇಳುತ್ತಿದ್ದಳು. ಆ ಹೊತ್ತಿನಲ್ಲಿ ಅವಳು ಹೊಸ ಉಪ್ಪಿನಕಾಯಿ ಭರಣಿ ತೆಗೆಯಳು, ಅಳಿಯನ ಹತ್ತಿರ ಮಾತು ತೆಗೆಯಳು, ನನಗೆ ಬೈಗುಳವನ್ನೂ ಶುರು ಮಾಡಳು. ಬೈಗುಳವನ್ನು ಕಟ್ಟಿಟ್ಟುಕೊಂಡು ರಾಹುಕಾಲ ಕಳೆದ ಮೇಲೆ ಬಡ್ಡಿ ಸಮೇತ ಒಪ್ಪಿಸುತ್ತಿದ್ದಳು. ಸೋಮವಾರ ಮಾತ್ರ ನನಗೆ ಸಂಕಟ. ಅವತ್ತು ರಾಹುಕಾಲ ಏಳೂವರೆಗೇ ಶುರು. ಅದಕ್ಕೆ ಮುಂಚೆ ಸ್ಕೂಲಿಗೆ ಅಟ್ಟಿಬಿಡುತ್ತಿದ್ದಳು. ಬೀಗ ಹಾಕಿದ ಸ್ಕೂಲಿನ ಮುಂದೆ ಹುಣಿಸೆ ಮರದಡಿ ಕೂತು ನಾನು ಬುತ್ತಿಯನ್ನೆಲ್ಲ ತಿಂದು ಮುಗಿಸಿ, ಮಧ್ಯಾಹ್ನ ಹಸಿದುಕೊಂಡು ಲೆಕ್ಕ ತಪ್ಪುತ್ತಿದ್ದೆ. ಲೆಕ್ಕದಲ್ಲಿ ನಾನು ಹಿಂದೆ ಬಿದ್ದದ್ದು ರಾಹುವಿನ ದೆಸೆಯಿಂದ ಎಂದರೆ ಸುಳ್ಳೇನಲ್ಲ.

ಅಜ್ಜಿಗೆ ಒಬ್ಬ ಮಗ. ಮುಳಬಾಗಿಲಿನಲ್ಲಿ ಜಮೀನು ಮಾಡಿಕೊಂಡಿದ್ದ ನನ್ನ ಸೋದರಮಾವ. ಮೊದಲ ಹೆಂಡತಿ ತೀರಿಕೊಂಡಿದ್ದಳು. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವುದು ನಮ್ಮಲ್ಲಿ ಹಗಲು ಕಳೆದು ರಾತ್ರಿ ಬಂದಷ್ಟೇ ಸಹಜ, ಯಾರೂ ಅದನ್ನು ಪ್ರಶ್ನೆ ಎಂದೇ ತಿಳಿಯುತ್ತಿರಲಿಲ್ಲ. ಮಾವ ಕೆಟ್ಟವನಲ್ಲ. ನನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದವನು, ನನ್ನ ಮೂಗು ಒರೆಸಿದವನು. ನನ್ನ ತಕರಾರು ಅದೇ ಆಗಿತ್ತು. ಮೂಗು ಒರೆಸಿದ ಕೈಗೆ ಕೈ ಕೊಡುವುದು ಹೇಗೆ? ನಾನು ಏನು ಹೇಳಿದರೂ ಅವನದು ಒಂದೇ ಉತ್ತರ: "ಏಯ್ ಲಚ್ಚಿ, ನಿಂಗೇನ್ ಗೊತ್ತಾಗ್ತದೆ, ಸುಮ್ಕಿರು." ಸಾಯುವ ತನಕ ಆ ಮಾತು ಕೇಳಿಕೊಂಡು ಅನ್ನ ಬಡಿಸುತ್ತಿರಬೇಕಲ್ಲ ಎಂದು ನೆನೆಸಿಕೊಂಡರೆ ನನಗೆ ಎದೆ ಒಣಗುತ್ತಿತ್ತು.

ಅಪ್ಪ ಮಾತಾಡುವ ಮನುಷ್ಯನಲ್ಲ. ಹೊಸ ಕೊಟ್ಟಿಗೆಗೆ ಹಂಚು ತರಲು ಮಾಲೂರಿಗೆ ಹೋದವನು ಹಂಚಿನ ಜೊತೆಗೆ ಒಂದು ಗಂಡನ್ನೂ ಗೊತ್ತುಮಾಡಿಕೊಂಡು ಬಂದ. ಹಂಚಿನ ಕಾರ್ಖಾನೆಯವರ ಮನೆ, ತಂದೆಯಿಲ್ಲದ ಹುಡುಗ, ದೊಡ್ಡಪ್ಪನ ಆಶ್ರಯ. ಬೆಂಗಳೂರಿನಲ್ಲಿ ಓದಿ, ಅಲ್ಲಿಯ ಯಾವುದೋ ಕ್ಲಬ್ಬಿನಲ್ಲಿ ವಿಮಾನ ಹಾರಿಸುವುದನ್ನೂ ಕಲಿತಿದ್ದಾನೆ.

ಅಜ್ಜಿ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿದಳು. "ಹಾರಿಸೋದಾ? ಹಾರೋದನ್ನ ಕಲಿತೋನಿಗೆ ಮನೇಲಿ ಕಾಲು ನಿಲ್ತದಾ? ಸರಿ, ನೀನು ಹೆತ್ತಪ್ಪ, ನಿನ್ನ ಮಾತೂ ಒಂದು ಆಗ್ಲಿ. ಒಂದು ಸಲ ಬಂದು ನೋಡ್ಕೊಂಡು ಹೋಗ್ಲಿ. ಕೂಡಲಿಲ್ಲ ಅಂದ್ರೆ ನನ್ನ ಮಗನಿಗೆ. ಇನ್ನೊಂದು ಗಂಡು ಅಂತ ಆಮೇಲೆ ನನ್ನ ಮುಂದೆ ಉಸಿರೆತ್ತಬಾರದು."

ಹೀಗೆ ನನ್ನ ಪಾಲಿಗೆ ಇದ್ದದ್ದು ಒಂದೇ ಒಂದು ಗಂಡು, ಒಂದೇ ಒಂದು ಸಲ. ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ಬೇಸಗೆ ಅದು, ನನಗೆ ಹದಿನೇಳು.

ಗಂಡು ರೈಲಿನಲ್ಲಿ ಬಂದಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಆದರೆ ದೊಡ್ಡಪ್ಪನವರ ಪಂಚಾಂಗ ಅಡ್ಡ ಬಂತು. ನೋಡಲು ಬರುವುದಕ್ಕೆ ಶುಕ್ರವಾರವೇ ಆಗಬೇಕು. ಆ ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆ ತನಕ ವರ್ಜ್ಯ, ಹೊರಡುವ ಹಾಗಿಲ್ಲ. ಹತ್ತೂವರೆಯಿಂದ ರಾಹುಕಾಲ, ತಲುಪುವ ಹಾಗಿಲ್ಲ. ಮಾಲೂರಿನಿಂದ ನಮ್ಮೂರಿಗೆ ಒಂದು ಗಂಟೆಯೊಳಗೆ ಬರಬೇಕಾದರೆ ಆಕಾಶವೊಂದೇ ದಾರಿ. ಬೇರೆಯವರಾದರೆ ಮುಂದಿನ ಶುಕ್ರವಾರ ನೋಡುತ್ತಿದ್ದರು. ದೊಡ್ಡಪ್ಪ ಹುಡುಗನಿಗೆ ಹೇಳಿ ಕ್ಲಬ್ಬಿನ ಎರಡು ಸೀಟಿನ ವಿಮಾನವನ್ನು ಕೇಳಿ ತರಿಸಿದರು. ಆಕಾಶದಲ್ಲಿ ಹಾರುವ ಯಂತ್ರವನ್ನು ಮನುಷ್ಯ ಯಾತಕ್ಕಾಗಿ ಕಂಡುಹಿಡಿದ ಎಂಬುದಕ್ಕೆ ಹೊರದೇಶದವರು ಏನೇನೋ ಕಾರಣ ಕೊಡುತ್ತಾರಂತೆ. ನಮ್ಮ ಜಿಲ್ಲೆಯಲ್ಲಿ ಅದು ವರ್ಜ್ಯಕ್ಕೂ ರಾಹುಕಾಲಕ್ಕೂ ನಡುವೆ ನುಸುಳುವುದಕ್ಕಾಗಿ ಬಂತು.

ಇಳಿಯುವ ಜಾಗ ನಮ್ಮೂರ ಕೆರೆಯಂಗಳ. ಬೇಸಗೆಯಲ್ಲಿ ನೀರು ಬತ್ತಿದ ಕೆರೆ ಎಂದರೆ ನನಗೆ ಚಿಕ್ಕಂದಿನಿಂದಲೂ ಪ್ರಾಣ. ಬಿರುಕು ಬಿಟ್ಟ ಮಣ್ಣಿನ ಹೆಕ್ಕಳಿಕೆಗಳನ್ನು ಎಬ್ಬಿಸಿ, ಅಂಚು ಮುರಿಯದಂತೆ ಎತ್ತಿಕೊಂಡು ಹೋಗಿ ತಟ್ಟೆ ಮಾಡಿಕೊಂಡು ಅಡುಗೆ ಆಟ ಆಡುತ್ತಿದ್ದೆವು. ಕೆರೆಯ ನಡುವಿನ ಕೆಸರು ಒಣಗುವುದು ಕೊನೆಗೆ, ಅಲ್ಲಿ ಕಾಲಿಟ್ಟರೆ ಬೆರಳ ಸಂದಿಯಲ್ಲಿ ಮಣ್ಣು ಬೆಣ್ಣೆಯಂತೆ ಏರುತ್ತಿತ್ತು. ಅದೇ ಅಂಗಳವನ್ನು ಹದ ಮಾಡುವ ಕೆಲಸವನ್ನು ಅಪ್ಪ ಮುಳಬಾಗಿಲು ಮಾವನಿಗೆ ವಹಿಸಿದ. ತನ್ನ ಎದುರಾಳಿ ಬಂದಿಳಿಯುವ ನೆಲವನ್ನು ತಾನೇ ಸಮ ಮಾಡಬೇಕಾದ ಮನುಷ್ಯನ ಸಂಕಟ ಎಷ್ಟಿರಬೇಡ! ಆದರೆ ಮಾವ ಹೊಲದ ಕೆಲಸದಲ್ಲಿ ಮೋಸ ಅರಿಯದವನು. ಜಾಲಿ ಬುಡಗಳನ್ನು ಕೀಳಿಸಿ, ಬಿರುಕು ಮುಚ್ಚಿಸಿ, ಎರಡು ಜೊತೆ ಎತ್ತು ಕಟ್ಟಿ ಹಲಗೆ ಎಳೆಸಿದ. ಗುರುವಾರ ಸಾಯಂಕಾಲ ಅದರ ಮೇಲೆ ನಿಂತು, "ರಾಗಿ ಕಣಾನೂ ಹಿಂಗಿರಲ್ಲ, ನೋಡ್ಕೋ" ಎಂದು ಅಪ್ಪನಿಗೆ ಹೇಳಿದ. ನಿಜಕ್ಕೂ ಹಾಗೇ ಇತ್ತು.

ಶುಕ್ರವಾರ ಹತ್ತು ಗಂಟೆಗೆ ಇಡೀ ಊರು ಕೆರೆ ಏರಿಯ ಮೇಲಿತ್ತು. ಹೆಣ್ಣು ಹೊರಗೆ ಬರಬಾರದು ಎಂದು ಅಜ್ಜಿ ನನ್ನನ್ನು ಒಳಗೆ ಕೂರಿಸಿದ್ದಳು. ಅವಳೇ ಆರತಿ ತಟ್ಟೆ ಹಿಡಿದು ಕೆರೆಗೆ ಹೋದ ಮೇಲೆ ನನ್ನನ್ನು ಕಾಯುವವರು ಯಾರು? ಸೆರಗು ತಲೆ ಮೇಲೆ ಎಳೆದುಕೊಂಡು ಹಿಂದಿನ ಬಾಗಿಲಿಂದ ಹೋಗಿ ಹೆಂಗಸರ ಗುಂಪಿನ ಹಿಂದೆ ನಿಂತೆ.

ಹತ್ತೂಕಾಲಾಯಿತು. ಆಕಾಶದಲ್ಲಿ ಹದ್ದು ಬಿಟ್ಟರೆ ಏನೂ ಇಲ್ಲ. ಅಜ್ಜಿ ನೆಲದಲ್ಲಿ ಕಡ್ಡಿ ನೆಟ್ಟು ನೆರಳು ನೋಡತೊಡಗಿದಳು. ಆಮೇಲೆ ಕುರುಡುಮಲೆ ದಿಕ್ಕಿನಿಂದ ಸದ್ದು ಕೇಳಿತು. ಮಾಲೂರು ಇರುವುದು ಒಂದು ಕಡೆ, ವಿಮಾನ ಬಂದದ್ದು ಇನ್ನೊಂದು ಕಡೆಯಿಂದ. ಯಾಕೆಂದು ಆಗ ಯಾರಿಗೂ ತಿಳಿಯಲಿಲ್ಲ. ಎರಡೆರಡು ರೆಕ್ಕೆಯ ವಿಮಾನ. ತಲೆ ಮೇಲೆ ಮುಚ್ಚಿಗೆಯಿಲ್ಲ. ಮುಂದೆ ಕೂರುವ ಗುಣಿಯಲ್ಲಿ ಒಂದು ರುಮಾಲು, ಹಿಂದಿನದರಲ್ಲಿ ಒಂದು ಚರ್ಮದ ಟೋಪಿ ಕಾಣುತ್ತಿದ್ದವು. ರುಮಾಲು ದೊಡ್ಡಪ್ಪನವರದು, ಟೋಪಿ ಗಂಡಿನದು.

ಗಂಡು ಬಂತು. ಬಹಳ ರಭಸದಿಂದ ಬಂತು. ಚಕ್ರ ನೆಲಕ್ಕೆ ಬಡಿಯಿತು, ವಿಮಾನ ಆಳೆತ್ತರಕ್ಕೂ ಮೇಲೆ ಎಗರಿತು. ಏರಿಯ ಮೇಲಿನ ಜನ ಸಂತೋಷದಿಂದ ಕೇಕೆ ಹಾಕಿದರು. ವಿಮಾನ ಇಳಿಯುವ ಕ್ರಮವೇ ಇದು ಎಂದುಕೊಂಡರು ಪಾಪ, ಅವರೇನು ಕಂಡಿದ್ದರು! "ಎಗಿರಿಂದಿ ರಾ!" ಎಂದು ಒಬ್ಬ ತೆಲುಗಿನಲ್ಲಿ ಕೂಗಿದ. ಆಗ ಇಂಜಿನ್ನು ಒಂದು ಸಲ ಗರ್ ಎಂದು ಜೋರಾಯಿತು. ಮೇಲಕ್ಕೇ ಹೋಗಿಬಿಡುತ್ತದೇನೋ ಎಂದುಕೊಂಡೆ. ಇಲ್ಲ, ಮರುಕ್ಷಣ ಸದ್ದು ಅಡಗಿತು. ಮೂತಿ ಕೆಳಗಾಯಿತು. ಮತ್ತೆ ಬಡಿಯಿತು, ಮೊದಲಿಗಿಂತ ಜೋರಾಗಿ ಎಗರಿತು. "ಮಳ್ಳೀ ಎಗಿರಿಂದಿ!" ಮತ್ತೆ ಎಗರಿತು ಎಂದು ಅವನೇ ಕೂಗಿದ. ಮೂರನೆಯ ಸಲ ಬಡಿದಾಗ ಫಟ್ ಎಂದು ಮರ ಸೀಳಿದ ಸದ್ದು. ಬಾಲ ಆಕಾಶಕ್ಕೆತ್ತಿ, ಮೂಗು ನೆಲಕ್ಕೂರಿ ವಿಮಾನ ನಿಂತುಬಿಟ್ಟಿತು. ಭೂಮಿತಾಯಿಗೆ ನಮಸ್ಕಾರ ಮಾಡುತ್ತಿದೆ ಎಂದುಕೊಂಡು ಇಬ್ಬರು ಮುದುಕಿಯರು ತಾವೂ ಕೈಮುಗಿದರು.

ಯಾರಿಗೂ ಪೆಟ್ಟಾಗಲಿಲ್ಲ. ಗಂಡು ಇಳಿದು ದೊಡ್ಡಪ್ಪನವರನ್ನು ಇಳಿಸಿತು. ದೊಡ್ಡಪ್ಪ ನೆಲಕ್ಕೆ ಕಾಲಿಟ್ಟವರೇ ಮಾಡಿದ ಮೊದಲ ಕೆಲಸ ಜೇಬಿನಿಂದ ಗಡಿಯಾರ ತೆಗೆದದ್ದು. "ಹತ್ತು ಮೂವತ್ತೊಂದು. ಆದ್ರೆ ಚಕ್ರ ಮೊದಲು ಮುಟ್ಟಿದಾಗ ಹತ್ತು ಇಪ್ಪತ್ತೊಂಬತ್ತು. ನಾವು ಬಂದಿದ್ದು ರಾಹುಕಾಲಕ್ಕೆ ಮುಂಚೆ."

ಅಜ್ಜಿ ಆರತಿ ತಟ್ಟೆ ಹಿಡಿದುಕೊಂಡೇ ಕೇಳಿದಳು: "ಮುಟ್ಟಿ ಮತ್ತೆ ಎದ್ದು ಹೋದ್ರಲ್ಲ ಸ್ವಾಮಿ? ಬಾಗಿಲಿಗೆ ಬಂದೋನು ಎದ್ದು ಹೋದ್ರೆ ಬಂದಂಗೋ, ಹೋದಂಗೋ?"

"ಮುಟ್ಟಿದ್ದೇ ಲೆಕ್ಕ."

"ಹಂಗಾದ್ರೆ ನಮ್ಮ ಬಾವಿ ಹಗ್ಗ ದಿನಕ್ಕೆ ನೂರು ಸಲ ನೀರು ಮುಟ್ತದೆ, ಅದೇನು ಸ್ನಾನ ಮಾಡಿದಂಗಾ?"

ಆ ಬಿಸಿಲಿನಲ್ಲಿ, ತಲೆಕೆಳಗಾದ ವಿಮಾನದ ಪಕ್ಕದಲ್ಲಿ ನಿಂತು ಇಬ್ಬರೂ ಬಹಳ ಹೊತ್ತು ವಾದ ಮಾಡಿದರು. ಎರಡು ಜೀವ ಉಳಿದದ್ದರ ಬಗ್ಗೆ ಒಬ್ಬರೂ ಒಂದು ಮಾತಾಡಲಿಲ್ಲ. ಕೊನೆಗೆ ಆರತಿ ಆರಿಹೋಗುತ್ತದೆ ಎಂದು ಅಪ್ಪ ಅಂದದ್ದರಿಂದ ಅಜ್ಜಿ ಸೋತಳು. ಆರತಿ ಎತ್ತಿದ ಮೇಲೆ ಬಂದ ಹಾಗೇ ಲೆಕ್ಕವಾಯಿತು. ನಾನು ಓಡಿ ಬಂದು ಒಳಮನೆಯಲ್ಲಿ ಕೂತು, ಹೊರಗೆ ಹೋಗಿಯೇ ಇಲ್ಲದವಳಂತೆ ಏದುಸಿರು ಬಿಡತೊಡಗಿದೆ.

ಜಗಲಿಯಿಂದ ಮಾತು ಕೇಳಿಸುತ್ತಿತ್ತು. ದೊಡ್ಡಪ್ಪ ಮೊದಲು ನೆಲದ ಮೇಲೆ ಹೊರಿಸಿದರು. "ನೆಲ ಸಮ ಇಲ್ಲ. ಅದಕ್ಕೇ ಎಗರ್ತು."

"ಏನಂದ್ರಿ?" ಮುಳಬಾಗಿಲು ಮಾವ ಎದ್ದು ನಿಂತ. "ನನ್ನ ನೆಲಾನಾ? ಬರ್ರಿ, ಗೋಲಿ ತಂದು ಬಿಡ್ತೀನಿ. ಒಂದು ಕಡೆಗೆ ಉರುಳಿದ್ರೆ ನನ್ನ ಮೀಸೆ ಬೋಳಿಸ್ಕೊಂಡು ಮುಳಬಾಗಿಲಿಗೆ ಹೋಗ್ತೀನಿ!"

ಮೀಸೆಯ ಗಾತ್ರ ನೋಡಿ ದೊಡ್ಡಪ್ಪ ನೆಲವನ್ನು ಬಿಟ್ಟರು. ದನಿ ತಗ್ಗಿಸಿ ಹೇಳಿದರು: "ನೆಲದ್ದಲ್ಲದಿದ್ರೆ ಇನ್ನೇನು? ನಾನು ಆಡಬಾರದು, ಆದ್ರೂ ಹೇಳ್ತೀನಿ. ಹೆಣ್ಣು ಇನ್ನೂ ನಮ್ಮ ಹೊಸ್ತಿಲು ತುಳಿದಿಲ್ಲ, ಆಗ್ಲೇ ಹಿಂಗಾಯ್ತು. ಕಾಲ್ಗುಣ ಅಂತ ಒಂದಿರ್ತದೆ ನೋಡಿ."

ಆ ಮಾತು ಏನು ಮಾಡಬಲ್ಲದೆಂದು ಇವತ್ತಿನ ಹುಡುಗಿಯರಿಗೆ ಹೇಳಿದರೆ ತಿಳಿಯುವುದಿಲ್ಲ. ಕಾಲ್ಗುಣ ಸರಿಯಿಲ್ಲ ಎಂದು ಒಂದು ಸಲ ಹೆಸರು ಬಿದ್ದರೆ ಕೋಲಾರದಿಂದ ಮುಳಬಾಗಿಲಿನ ತನಕ ಒಂದು ಗಂಡೂ ಬಾಗಿಲಿಗೆ ಬರುವುದಿಲ್ಲ. ಅಮ್ಮ ತೀರಿಕೊಂಡಾಗಲೇ ಯಾರೋ ಒಬ್ಬಳು ನನ್ನ ಬಗ್ಗೆ ಆ ಮಾತು ಆಡಿದ್ದಳು. ಆಗ ನನಗೆ ಮೂರು ವರ್ಷ. ಈಗ ಹದಿನೇಳು. ಅಳು ಬರಲಿಲ್ಲ, ಸಿಟ್ಟು ಬಂತು.

ಅಷ್ಟರಲ್ಲಿ ಅಜ್ಜಿ ಬೋಂಡದ ತಟ್ಟೆಯನ್ನು ನನ್ನ ಕೈಗೆ ಕೊಟ್ಟು, "ತಲೆ ಬಗ್ಗಿಸ್ಕೊಂಡು ಹೋಗಿ ಇಟ್ಟು ಬಾ" ಎಂದಳು. ಹೋದೆ, ಇಟ್ಟೆ. ಬರಲಿಲ್ಲ. ತಲೆಯನ್ನೂ ಬಗ್ಗಿಸಲಿಲ್ಲ. ಗಂಡಿನ ಮುಖವನ್ನು ನೇರವಾಗಿ ನೋಡಿ ಕೇಳಿದೆ:

"ಮೊದಲ್ನೇ ಸಲ ಎಗರಿದ ಮೇಲೆ ಇಂಜಿನ್ನು ಗರ್ ಅಂತು. ಆಮೇಲೆ ಯಾಕೆ ಸುಮ್ಮನಾಯ್ತು?"

ದೊಡ್ಡಪ್ಪನವರ ಕೈಯ ವೀಳ್ಯದೆಲೆ ಕೆಳಗೆ ಬಿತ್ತು. ಆದರೆ ಗಂಡಿನ ಮುಖದಲ್ಲಿ ಅಲ್ಲಿಯವರೆಗೆ ಇಲ್ಲದ ಜೀವ ಬಂತು. ಅದು ಬಂದಾಗಿನಿಂದ ಚಾಪೆಯ ಅಂಚು ಕೀಳುತ್ತಾ ಕೂತಿತ್ತು. ಹೆಣ್ಣು, ಜಾತಕ, ಕಾಲ್ಗುಣ ಇದ್ಯಾವುದರ ಬಗ್ಗೆಯೂ ಅದಕ್ಕೆ ಬಾಯಿಲ್ಲ. ವಿಮಾನದ ಬಗ್ಗೆ ಕೇಳಿದರೆ ಮಾತ್ರ ಸುಳ್ಳು ಹೇಳಲು ಬಾರದ ಪ್ರಾಣಿ. ತಟ್ಟೆಯಿಂದ ಒಂದು ಬೋಂಡ ಎತ್ತಿಕೊಂಡಿತು.

"ಇದು ವಿಮಾನ ಅಂದ್ಕೊಳ್ಳಿ, ಈ ಚಾಪೆ ನೆಲ. ವೇಗ ಜಾಸ್ತಿ ಇಟ್ಕೊಂಡು ಬಂದ್ರೆ ಚಕ್ರ ಬಡಿದು ಮೇಲಕ್ಕೆ ಎಗರತ್ತೆ." ಬೋಂಡವನ್ನು ಚಾಪೆಗೆ ಕುಕ್ಕಿತು. ಅಜ್ಜಿಯ ಬೋಂಡಕ್ಕೆ ಎಗರುವ ಗುಣ ಮೊದಲೇ ಇತ್ತು, ಚೆನ್ನಾಗಿ ಎಗರಿತು. "ಆಗ ಗಾಬರಿಯಾಗಿ ಮೂತೀನ ಕೆಳಕ್ಕೆ ತಳ್ಳಿಬಿಡೋಣ ಅನ್ಸತ್ತೆ. ತಳ್ಳಬಾರದು. ತಳ್ಳಿದ್ರೆ ಎರಡನೇ ಸಲ ಇನ್ನೂ ಜೋರಾಗಿ ಎಗರತ್ತೆ, ಮೂರನೇ ಸಲಕ್ಕೆ ಮೂಗೇ ಹೋಗತ್ತೆ. ಸಣ್ಣಗೆ ಎಗರಿದ್ರೆ ಅಲುಗಾಡದೆ ಹಾಗೇ ಹಿಡ್ಕೊಂಡು ಕಾಯ್ಬೇಕು, ತಾನೇ ಇಳಿಯತ್ತೆ. ದೊಡ್ಡದಾಗಿ ಎಗರಿದ್ರೆ ಇಂಜಿನ್ ಪೂರ್ತಿ ಜೋರು ಮಾಡಿ ಮೇಲಕ್ಕೆ ಹೋಗ್ಬೇಕು. ಇನ್ನೊಂದು ಸುತ್ತು ಹಾಕಿ ಸಮಾಧಾನವಾಗಿ ಮತ್ತೆ ಬರಬೇಕು. ಅದರಲ್ಲಿ ಅವಮಾನ ಇಲ್ಲ ಅಂತ ನಮಗೆ ಕಲಿಸೋರು ದಿನಾ ಹೇಳ್ತಾರೆ."

"ನೀವೂ ಜೋರು ಮಾಡಿದ್ರಿ. ಆಮೇಲೆ?"

ಬೋಂಡ ಗಾಳಿಯಲ್ಲೇ ನಿಂತಿತು. ಗಂಡು ಅದನ್ನೇ ನೋಡುತ್ತಾ ಹೇಳಿತು: "ಮುಂದಿನ ಸೀಟಿಂದ ಹಿಂದಿನ ಸೀಟಿಗೆ ಮಾತಾಡೋಕೆ ಒಂದು ರಬ್ಬರ್ ಕೊಳವೆ ಇರತ್ತೆ. ಅದರಲ್ಲಿ ದೊಡ್ಡಪ್ಪ ಕೂಗಿದ್ರು. ರಾಹುಕಾಲ ಬಂತು, ಮೇಲಕ್ಕೆ ಹೋದ್ರೆ ನಿನ್ನ ತಾಯಾಣೆ, ತಳ್ಳೋ ಕೆಳಕ್ಕೆ ಅಂತ."

"ಅಷ್ಟು ತಡ ಯಾಕಾಯ್ತು ಮತ್ತೆ?" ಎಂದ ಮುಳಬಾಗಿಲು ಮಾವ.

"ಕುರುಡುಮಲೆ ಗಣಪತಿಗೆ ಮೇಲಿಂದ ಪ್ರದಕ್ಷಿಣೆ ಹಾಕಿದ್ವಿ. ಮೂರು ಹಾಕ್ಲೇಬೇಕು ಅಂದ್ರು."

ಗಮನಿಸಿದಿರಾ? ಅಷ್ಟು ದೊಡ್ಡ ಗಣಪತಿ, ಕಲ್ಲಿನಲ್ಲಿ ಕೂತವನು, ಎಲ್ಲಿಗೂ ಓಡಿಹೋಗುವವನಲ್ಲ. ಅವನಿಗೆ ಮೂರು ಸುತ್ತು ಹಾಕಲು ಹೊತ್ತಿತ್ತು. ತಮ್ಮ ತಲೆ ಉಳಿಸಿಕೊಳ್ಳಲು ಕೆರೆಗೆ ಒಂದು ಸುತ್ತು ಹಾಕಲು ಹೊತ್ತಿರಲಿಲ್ಲ. ವಿಘ್ನ ನಿವಾರಿಸುವ ದೇವರಿಗೂ ಇಂಥ ಭಕ್ತರನ್ನು ನಿವಾರಿಸುವುದು ಕಷ್ಟವೇ.

ಮಾವ ತೊಡೆ ತಟ್ಟಿಕೊಂಡು ನಕ್ಕ. "ಕೇಳಿಸ್ಕೊಂಡ್ರಾ? ನನ್ನ ನೆಲ ಡೊಂಕಲ್ಲ!" ಇಡೀ ವಿಷಯದಲ್ಲಿ ಅವನಿಗೆ ಬೇಕಾಗಿದ್ದದ್ದು ಅಷ್ಟೇ.

ದೊಡ್ಡಪ್ಪ ಎದ್ದರು. "ಹಿರಿಯರ ಮುಂದೆ ನಿಂತು ಸವಾಲ್ ಹಾಕೋ ಬಾಯಿಬಡುಕಿ ನಮಗೆ ಬೇಡ. ಈ ಸಂಬಂಧ ಮುಗೀತು. ಏಳೋ, ನಡಿ!" ರುಮಾಲು ಸರಿಮಾಡಿಕೊಂಡು ಮೆಟ್ಟಿಲ ತನಕ ಹೋದರು.

"ಹೋಗ್ಬಹುದು," ಎಂದಳು ಅಜ್ಜಿ ಬಾಗಿಲ ಮರೆಯಿಂದ. "ಆದ್ರೆ ಹನ್ನೆರಡರ ತಂಕ ರಾಹುಕಾಲ."

ದೊಡ್ಡಪ್ಪ ಎತ್ತಿದ ಕಾಲನ್ನು ಹಿಂದಕ್ಕೆ ಇಟ್ಟರು. ಸಂಬಂಧ ಮುರಿದ ಮನೆಯ ಜಗಲಿಯ ಮೇಲೆ ಗೋಡೆ ಕಡೆ ಮುಖ ಮಾಡಿ ಕೂತರು. ಬೈದವರನ್ನು ಹಸಿದುಕೊಂಡು ಕೂರಿಸಬಾರದು ಎಂದು ಅಪ್ಪ ಎಲೆ ಹಾಕಿಸಿದ. ದೊಡ್ಡಪ್ಪ ಮೊದಲು ಬೇಡವೆಂದರು. ಮಾವಿನಕಾಯಿ ಚಿತ್ರಾನ್ನದ ಒಗ್ಗರಣೆ ವಾಸನೆ ಬಂದ ಮೇಲೆ ಮುನಿಸು ಬೇರೆ, ಊಟ ಬೇರೆ ಎಂಬುದು ಅವರಿಗೆ ಹೊಳೆಯಿತು. ಎರಡು ಸಲ ಬಡಿಸಿಕೊಂಡರು. ಗಂಡು ಎಲೆಯ ಮೇಲೆ ಬೆರಳಾಡಿಸುತ್ತಾ ಕೂತಿತ್ತು. ನಾನು ಕಂಬದ ಮರೆಯಿಂದ ನೋಡುತ್ತಿದ್ದೆ. ಇಂಜಿನ್ನಿನ ವಿಷಯ ನಿಜ ಹೇಳಿದ ಬಾಯಿ ಕಾಲ್ಗುಣದ ವಿಷಯವೂ ಒಂದು ಮಾತು ಹೇಳೀತೇ ಎಂದು ಕಾದೆ. ಹೇಳಲಿಲ್ಲ. ಹನ್ನೆರಡಾಯಿತು. ದೊಡ್ಡಪ್ಪ ಎದ್ದರು, ಗಂಡೂ ಎದ್ದಿತು. ಬೂಟಿನ ದಾರ ಕಟ್ಟಲು ಬಹಳ ಹೊತ್ತು ತೆಗೆದುಕೊಂಡಿತು. ಆಮೇಲೆ ದೊಡ್ಡಪ್ಪನವರ ಹಿಂದೆ ಎತ್ತಿನ ಗಾಡಿ ಹತ್ತಿತು.

ಆಕಾಶದಿಂದ ಬಿದ್ದರೂ ದೊಡ್ಡಪ್ಪನ ಮಾತು ಮೀರದ ಗಂಡಿಗಿಂತ ಮೂಗು ಒರೆಸಿದ ಮಾವನೇ ವಾಸಿ ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ ಕೊಟ್ಟಿಗೆಗೆ ಹೋಗಿ ಹೊಸ ಹಂಚಿನಡಿ ಕೂತು ಚೆನ್ನಾಗಿ ಅತ್ತೆ.

ಗಾಡಿಯವನ ಎದುರಿಗೆ, ಸ್ಟೇಷನ್ನಿನಲ್ಲಿ, ರೈಲಿನಲ್ಲಿ, ಟೇಕಲ್ಲಿನಲ್ಲಿ ಇಳಿದವರ ಹತ್ತಿರ, ಹೀಗೆ ದೊಡ್ಡಪ್ಪ ದಾರಿಯುದ್ದಕ್ಕೂ ನನ್ನ ಕಾಲ್ಗುಣವನ್ನು ಹಂಚಿಕೊಂಡು ಹೋದರು. ಭಾನುವಾರದ ಹೊತ್ತಿಗೆ ಕೋಲಾರದ ಸಂತೆಯಲ್ಲಿ ನಾನು ನೋಡಿದ್ದಕ್ಕೇ ವಿಮಾನ ಬಿತ್ತು ಎಂದಾಗಿತ್ತು. ಸುಗಟೂರಿನಿಂದ ಬಂದ ತರಕಾರಿಯವಳು ನನ್ನನ್ನು ಕಂಡು ಬುಟ್ಟಿಗೆ ಸೆರಗು ಮುಚ್ಚಿದಳು. ನಾನು ನೋಡಿದರೆ ಬದನೆಕಾಯಿ ಬಾಡುತ್ತದೆಂಬ ಭಯ. ಅಜ್ಜಿ ಮಾತ್ರ ಶಾಂತವಾಗಿದ್ದಳು. "ಯಾರು ಏನಂದ್ರೇನು? ನನ್ನ ಮಗ ಕಾಲ್ಗುಣ ನೋಡಲ್ಲ. ಬುಧವಾರ ನಿಶ್ಚಯ." ಅಪ್ಪ ಕೊಟ್ಟ ಮಾತಿಗೆ ಕಟ್ಟುಬಿದ್ದು ತಲೆ ತಗ್ಗಿಸಿದ. ಕೆರೆಯಲ್ಲಿ ವಿಮಾನ ಹಾಗೇ ನಿಂತಿತ್ತು. ಜನ ಅದರ ಬಾಲವನ್ನು ಎಳೆದು ಇಳಿಸಿ, ಕುಂಕುಮ ಹಚ್ಚಿ, ರೆಕ್ಕೆಯ ನೆರಳಿನಲ್ಲಿ ಕರು ಕಟ್ಟಿದ್ದರು.

ಮಂಗಳವಾರ ಬೆಳಿಗ್ಗೆ ಕ್ಲಬ್ಬಿನ ಮೆಕ್ಯಾನಿಕ್ಕನ್ನು ಕರೆದುಕೊಂಡು, ಹೊಸ ಫ್ಯಾನನ್ನು ಗಾಡಿಯಲ್ಲಿ ಹಾಕಿಕೊಂಡು ಗಂಡು ಮತ್ತೆ ಬಂತೆಂದು ಸುದ್ದಿ. ಪಂಚಾಂಗ ಜೊತೆಯಲ್ಲಿ ಬಂದಿರಲಿಲ್ಲ. ಇಡೀ ಬೆಳಿಗ್ಗೆ ಕೆರೆಯಿಂದ ಸುತ್ತಿಗೆ ಸದ್ದು ಕೇಳುತ್ತಿತ್ತು. ವಿಮಾನಕ್ಕೆ ಬಂದಿದ್ದಾನೆ, ವಿಮಾನ ತೆಗೆದುಕೊಂಡು ಹೋಗುತ್ತಾನೆ, ನನಗೇನು ಎಂದು ನಾಳೆಯ ನಿಶ್ಚಯಕ್ಕೆ ಅಕ್ಕಿ ಆರಿಸುತ್ತಾ ಕೂತೆ. ಆರಿಸಿದ ಕಲ್ಲನ್ನೇ ಮತ್ತೆ ಅಕ್ಕಿಗೆ ಹಾಕುತ್ತಿದ್ದೆ.

ಮಧ್ಯಾಹ್ನ ಬಾಗಿಲಲ್ಲಿ ಬೂಟಿನ ಸದ್ದಾಯಿತು. ಜಗಲಿಯ ಮೇಲೆ ಅಪ್ಪ, ಮಾವ ಇಬ್ಬರೂ ಇದ್ದರು. ಅಜ್ಜಿ ಹೊಸ್ತಿಲಿಗೆ ಅಡ್ಡ ನಿಂತಳು.

"ಅಲ್ಲೇ ನಿಲ್ಲಪ್ಪಾ! ಮಂಗಳವಾರ, ಮೂರು ದಾಟೈತೆ. ರಾಹುಕಾಲ. ನಾಲ್ಕೂವರೆ ತಂಕ ಜಗಲಿ ಮೇಲೆ ಕೂತ್ಕೋ."

"ಗೊತ್ತು ಅಜ್ಜಿ. ನೋಡ್ಕೊಂಡೇ ಬಂದೆ."

ಬೂಟು ಬಿಚ್ಚಿಟ್ಟು, ಅಜ್ಜಿಯ ಪಕ್ಕದಲ್ಲಿ ದಾರಿ ಮಾಡಿಕೊಂಡು ಹೊಸ್ತಿಲು ದಾಟಿ ಒಳಗೆ ಬಂದರು. ಕೈಯೆಲ್ಲ ಎಣ್ಣೆಯ ಕರೆ. ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡಳು. ಬೈಯುವ ಹಾಗೂ ಇರಲಿಲ್ಲ, ರಾಹುಕಾಲ.

"ಅವತ್ತು ಒಂದು ಮಾತು ಆಡಬೇಕಿತ್ತು, ಆಡಲಿಲ್ಲ," ಎಂದರು ನನ್ನನ್ನು ನೋಡಿ. "ವಿಮಾನ ಬಿದ್ದಿದ್ದು ನನ್ನ ಕೈಯಿಂದ. ಯಾರ ಕಾಲಿಂದಲೂ ಅಲ್ಲ. ಮಾಲೂರಿಂದ ಇಲ್ಲೀ ತನಕ ಸಿಕ್ಕಿದವರಿಗೆಲ್ಲ ಹೇಳ್ಕೊಂಡು ಬಂದಿದೀನಿ. ನಿಮಗೆ ಹೇಳೋದು ಬಾಕಿ ಇತ್ತು."

"ನಾಳೆ ನಿಶ್ಚಯ ಕಣಯ್ಯಾ," ಎಂದ ಮಾವ ಜಗಲಿಯಿಂದ, ಅಷ್ಟೇನೂ ಜೋರಾಗಿ ಅಲ್ಲ.

"ಗೊತ್ತು. ಅದಕ್ಕೇ ಇವತ್ತೇ ಬಂದೆ." ಮತ್ತೆ ನನ್ನ ಕಡೆ ತಿರುಗಿದರು. "ನಿಮ್ಮನ್ನ ಕೇಳಬೇಕು. ನನ್ನ ಮದುವೆ ಆಗೋಕೆ ನಿಮಗೆ ಒಪ್ಪಿಗೇನಾ?"

ಹದಿನೇಳು ವರ್ಷದಲ್ಲಿ ಆ ಪ್ರಶ್ನೆಯನ್ನು ಯಾವುದಕ್ಕೂ ಯಾರೂ ನನ್ನನ್ನು ಕೇಳಿರಲಿಲ್ಲ. ಅಪ್ಪ ತಲೆ ಎತ್ತಿ ನನ್ನ ಮುಖ ನೋಡುತ್ತಿದ್ದ. ಸಂತೋಷವಾಯಿತು, ಅಷ್ಟು ಸಂತೋಷ ಅದಕ್ಕೆ ಮುಂಚೆ ಆಗಿರಲಿಲ್ಲ. ಆದರೆ ಅಷ್ಟು ಸುಲಭವಾಗಿ ಬಿಟ್ಟುಕೊಡುವ ಬಾಯಿ ನನ್ನದಲ್ಲ.

"ನಿಮ್ಮ ದೊಡ್ಡಪ್ಪನ್ನ ಕೇಳಿದೀರಾ?"

"ಇಲ್ಲ."

"ಇನ್ಮೇಲೆ ಕೇಳ್ತೀರಾ?"

ಸ್ವಲ್ಪ ಯೋಚನೆ ಮಾಡಿದರು. ಸುಳ್ಳು ಹೇಳಲು ಬಾರದವರಲ್ಲವೇ. "ಹಂಚಿನ ವಿಷಯ ಕೇಳ್ತೀನಿ. ಇದನ್ನ ಕೇಳಲ್ಲ."

"ಹಾಗಾದ್ರೆ ಕೂತ್ಕೊಳ್ಳಿ," ಎಂದೆ. "ಕಾಫಿ ತರ್ತೀನಿ."